ಬಡ್ಡಿಯ ದರ ಮತ್ತು ಬಡ್ಡಿಯ ಹೊರೆ: ಸಾಲಗಾರ ಉದ್ಯಮಿಯ ಕೈಯಲ್ಲಿರುವುದೆಷ್ಟು?

ಅಂಗಡಿಯ ಬಾಡಿಗೆ ಹೆಚ್ಚಾದರೆ ವರ್ತಕನು ಮಾಲೀಕನೊಡನೆ ವಾದಿಸುತ್ತಾನೆ. ಲಾರಿ ಬಾಡಿಗೆ ಏರಿದರೆ ಬೇರೊಬ್ಬ ಸಾಗಣೆದಾರನನ್ನು ವಿಚಾರಿಸುತ್ತಾನೆ. ಕಚ್ಚಾವಸ್ತುವಿನ ಬೆಲೆಯಲ್ಲಿ ಕಿಲೋಗೆ ಒಂದು ರೂಪಾಯಿ ವ್ಯತ್ಯಾಸವಾದರೂ ಸಣ್ಣ ಕೈಗಾರಿಕೋದ್ಯಮಿಯ ಕಣ್ಣಿಗೆ ಅದು ಬೀಳದೆ ಹೋಗುವುದಿಲ್ಲ. ಆದರೆ ತಿಂಗಳ ಕೊನೆಯಲ್ಲಿ ಬ್ಯಾಂಕು ಖಾತೆಗೆ ಖರ್ಚು ಬರೆಯುವ ಬಡ್ಡಿಯನ್ನು ಮಾತ್ರ ಮಳೆ-ಬಿಸಿಲುಗಳಂತೆ ತನ್ನ ಹತೋಟಿಗೆ ಮೀರಿದ್ದೆಂದು ಭಾವಿಸಿ ಪ್ರಶ್ನಿಸದೆ ಒಪ್ಪಿಕೊಳ್ಳುವುದು ರೂಢಿಯಾಗಿಬಿಟ್ಟಿದೆ.

ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಯು ರೆಪೋ ದರವನ್ನು ಶೇಕಡಾ 0.25ರಷ್ಟು ಇಳಿಸಿದರೆ ಮಾರುಕಟ್ಟೆಯಲ್ಲಿ ಸಂತಸ, ಏರಿಸಿದರೆ ಚಿಂತೆ. ಈ ದರದ ಮಹತ್ವವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಲೆಕ್ಕದ ಪುಸ್ತಕ ತೆರೆದು ನೋಡಿದರೆ ಬೇರೊಂದು ಸತ್ಯ ಗೋಚರಿಸುತ್ತದೆ. ಬಡ್ಡಿಯ ದರದ ಒಂದು ಭಾಗ ಮುಂಬಯಿಯಲ್ಲಿ ತೀರ್ಮಾನವಾಗುತ್ತದೆ. ಬಡ್ಡಿಯ ಹೊರೆಯ ಬಹುಭಾಗ ಉದ್ಯಮಿಯ ಸ್ವಂತ ಗಲ್ಲಾಪೆಟ್ಟಿಗೆಯ ಬಳಿಯಲ್ಲೇ ತೀರ್ಮಾನವಾಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಅರಿತವನು ವರ್ಷಕ್ಕೆ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ರೂಪಾಯಿಗಳನ್ನು ಉಳಿಸಬಲ್ಲನು.

ದರದೊಳಗಿನ ಮೂರು ಭಾಗಗಳು

ಬ್ಯಾಂಕು ಸಾಲಕ್ಕೆ ವಿಧಿಸುವ ದರ ಮೇಲ್ನೋಟಕ್ಕೆ ಒಂದೇ ಸಂಖ್ಯೆಯಾಗಿ ಕಂಡರೂ ಅದು ಮೂರು ಭಾಗಗಳ ಮೊತ್ತ. ಮೊದಲನೆಯದು ಆಧಾರ ದರ. ವಾಣಿಜ್ಯ ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳನ್ನು ಒತ್ತೆಯಿಟ್ಟು ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ಹಣ ಪಡೆಯುವ ರೆಪೋ ದರವೇ ಇಂದು ಬಹುತೇಕ ಸಣ್ಣ ಉದ್ಯಮಗಳ ಸಾಲಕ್ಕೆ ಆಧಾರವಾಗಿದೆ. ಎರಡನೆಯದು ಬ್ಯಾಂಕಿನ ಆಡಳಿತ ವೆಚ್ಚ ಮತ್ತು ಲಾಭಾಂಶ. ಮೂರನೆಯದು ಸಾಲಗಾರನ ಅಪಾಯಾಂಶ, ಅಂದರೆ ಈ ಸಾಲ ಸಕಾಲದಲ್ಲಿ ಮರಳಿ ಬಾರದಿರುವ ಸಂಭವಕ್ಕಾಗಿ ಬ್ಯಾಂಕು ಸೇರಿಸುವ ಮೊತ್ತ. ಕೊನೆಯ ಎರಡನ್ನು ಕೂಡಿಸಿ ಬ್ಯಾಂಕಿನವರು 'ಸ್ಪ್ರೆಡ್' ಎನ್ನುತ್ತಾರೆ.

ಉದಾಹರಣೆಗೆ ರೆಪೋ ದರ ಶೇ. 5.25, ಬ್ಯಾಂಕಿನ ವೆಚ್ಚ ಮತ್ತು ಲಾಭ ಶೇ. 2.75, ಅಪಾಯಾಂಶ ಶೇ. 2.50 ಎಂದು ಭಾವಿಸಿದರೆ ಸಾಲದ ದರ ಶೇ. 10.50 ಆಗುತ್ತದೆ. ಒಂದೇ ಬೀದಿಯ ಎರಡು ಅಂಗಡಿಗಳು, ಒಂದೇ ಶಾಖೆಯಲ್ಲಿ, ಒಂದೇ ದಿನ ಸಾಲ ಪಡೆದರೂ ದರ ಬೇರೆಯಾಗುವುದು ಬಹುಮಟ್ಟಿಗೆ ಈ ಮೂರನೆಯ ಭಾಗದಿಂದ. ಮೊದಲ ಭಾಗದ ಮೇಲೆ ಸಾಲಗಾರನ ಅಧಿಕಾರ ಲವಲೇಶವೂ ಇಲ್ಲ. ಮೂರನೆಯ ಭಾಗ ಅವನ ನಡವಳಿಕೆಯ ಪ್ರತಿಬಿಂಬ.

ಆಧಾರ ದರ ಬದಲಾದ ಬಗೆ

1994ರ ಅಕ್ಟೋಬರಿನಲ್ಲಿ ಎರಡು ಲಕ್ಷ ರೂಪಾಯಿಗಳಿಗೆ ಮೇಲ್ಪಟ್ಟ ಸಾಲಗಳ ದರವನ್ನು ನಿರ್ಧರಿಸುವ ಸ್ವಾತಂತ್ರ್ಯ ಬ್ಯಾಂಕುಗಳಿಗೆ ದೊರೆಯಿತು. 2003ರಲ್ಲಿ ಬಂದ ಬಿಪಿಎಲ್ಆರ್ ಪದ್ಧತಿಯಲ್ಲಿ ದೊಡ್ಡ ಕಂಪನಿಗಳು ಚೌಕಾಸಿ ಮಾಡಿ ಪ್ರಕಟಿತ ದರಕ್ಕಿಂತ ಕಡಿಮೆಗೆ ಸಾಲ ಪಡೆದವು; ಸಣ್ಣ ಸಾಲಗಾರನಿಗೆ ಆ ಬಲವಿರಲಿಲ್ಲ. 2008ರ ಅಕ್ಟೋಬರಿನಲ್ಲಿ ಶೇ. 9 ಇದ್ದ ರೆಪೋ ದರ 2009ರ ಏಪ್ರಿಲ್ ವೇಳೆಗೆ ಶೇ. 4.75ಕ್ಕೆ ಕುಸಿದರೂ ಸಾಲದ ದರಗಳು ಆ ಪ್ರಮಾಣದಲ್ಲಿ ಇಳಿಯಲಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬಂತೆ, ದುಬಾರಿ ಕಾಲ ಮುಗಿದ ಮೇಲೂ ಸಾಲಗಾರನಿಗೆ ದುಬಾರಿ ದರ ತಪ್ಪಲಿಲ್ಲ.

ಈ ದೋಷವನ್ನು ಸರಿಪಡಿಸಲು 2010ರ ಜುಲೈ 1ರಿಂದ 'ಬೇಸ್ ರೇಟ್', 2016ರ ಏಪ್ರಿಲ್ 1ರಿಂದ ಎಂಸಿಎಲ್ಆರ್ ಪದ್ಧತಿಗಳು ಜಾರಿಯಾದವು. ಇವೆರಡೂ ಬ್ಯಾಂಕಿನ ಒಳಗಿನ ವೆಚ್ಚವನ್ನೇ ಅವಲಂಬಿಸಿದ್ದರಿಂದ ಇಳಿಕೆಯ ಲಾಭ ಸಾಲಗಾರನಿಗೆ ತಲುಪುವುದು ತಡವಾಗುತ್ತಲೇ ಇತ್ತು. ಕಡೆಗೆ 2019ರ ಅಕ್ಟೋಬರ್ 1ರಿಂದ ವಾಣಿಜ್ಯ ಬ್ಯಾಂಕುಗಳು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಬದಲಾಗುವ ದರದಲ್ಲಿ ನೀಡುವ ಹೊಸ ಸಾಲಗಳನ್ನು ರೆಪೋದಂತಹ ಹೊರಗಿನ ಆಧಾರಕ್ಕೆ ಜೋಡಿಸುವುದು ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಮಧ್ಯಮ ಉದ್ಯಮಗಳೂ ಇದರ ವ್ಯಾಪ್ತಿಗೆ ಬಂದವು. ಇಂತಹ ಸಾಲದ ದರವನ್ನು ಕನಿಷ್ಠ ಮೂರು ತಿಂಗಳಿಗೊಮ್ಮೆ ಮರುನಿಗದಿ ಮಾಡಬೇಕು.

ಹಳೆಯ ಪದ್ಧತಿಯ ಸಾಲಗಳನ್ನು ಪರಸ್ಪರ ಒಪ್ಪಿಗೆಯ ಷರತ್ತುಗಳ ಮೇಲೆ ಹೊಸ ಪದ್ಧತಿಗೆ ಬದಲಾಯಿಸಿಕೊಳ್ಳುವ ಅವಕಾಶವಿದೆ. ಆದರೆ ಅದು ತಾನಾಗಿಯೇ ಆಗುವುದಿಲ್ಲ. ಸಾಲಗಾರನು ಅರ್ಜಿ ಕೊಡಬೇಕು. ಹಣಕಾಸು ಕಂಪನಿ ಅಥವಾ ಪಟ್ಟಣ ಸಹಕಾರ ಬ್ಯಾಂಕಿನಿಂದ ಸಾಲ ಪಡೆಯುವವರು, ಅಲ್ಲಿನ ದರ ಯಾವುದನ್ನು ಆಧರಿಸಿ ಏರಿಳಿಯುತ್ತದೆಂದು ಮೊದಲೇ ಬರಹದಲ್ಲಿ ಕೇಳಿ ತಿಳಿಯುವುದು ಕ್ಷೇಮ.

ಕಂತು ಏರಲಿಲ್ಲ ಎಂಬ ಭ್ರಮೆ

ಹೊರಗಿನ ಆಧಾರಕ್ಕೆ ಜೋಡಣೆಯಾದ ಸಾಲ ಇಳಿಯುವಾಗ ಎಷ್ಟು ವೇಗವೋ ಏರುವಾಗಲೂ ಅಷ್ಟೇ ವೇಗ. ಹಣದುಬ್ಬರವನ್ನು ಶೇ. 4ರ ಆಸುಪಾಸಿನಲ್ಲಿಡುವ ಗುರಿಯನ್ನು 2016ರಲ್ಲಿ ರಿಸರ್ವ್ ಬ್ಯಾಂಕಿಗೆ ವಿಧಿಸಲಾಯಿತು. ಎರಡೂ ಕಡೆಗೆ ಶೇ. 2ರಷ್ಟು ಸಡಿಲಿಕೆಯುಂಟು. ಬೆಲೆಗಳು ಈ ಮಿತಿಯನ್ನು ಮೀರಿ ಏರತೊಡಗಿದಾಗ ಹಣವನ್ನು ದುಬಾರಿಯಾಗಿಸಿ ಬೇಡಿಕೆಯನ್ನು ತಗ್ಗಿಸುವುದು ಅದರ ಕ್ರಮ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯವರೆಗೆ ರೆಪೋ ದರ ಶೇ. 4ರಿಂದ ಶೇ. 6.50ಕ್ಕೆ ಏರಿದ್ದು ಹೀಗೆಯೇ. ಎರಡು ವರ್ಷ ಅಲ್ಲಿಯೇ ನಿಂತು, 2025ರ ಫೆಬ್ರವರಿಯಿಂದ ಹಂತಹಂತವಾಗಿ ಇಳಿದು ಡಿಸೆಂಬರಿನಲ್ಲಿ ಶೇ. 5.25 ಮುಟ್ಟಿತು.

ಬೆಳಗಾವಿಯ ಉದ್ಯಮಬಾಗಿನಲ್ಲಿ ಎರಕದ ಬಿಡಿಭಾಗಗಳಿಗೆ ಯಂತ್ರದ ಕೆಲಸ ಮಾಡಿಕೊಡುವ ಒಂದು ಸಣ್ಣ ಘಟಕವನ್ನು ಕಲ್ಪಿಸಿಕೊಳ್ಳಬಹುದು. ಅದು 2022ರ ಏಪ್ರಿಲಿನಲ್ಲಿ 50 ಲಕ್ಷ ರೂಪಾಯಿಗಳ ಯಂತ್ರಸಾಲವನ್ನು ಏಳು ವರ್ಷಗಳ ಅವಧಿಗೆ ಶೇ. 9ರ ದರದಲ್ಲಿ ಪಡೆಯಿತೆನ್ನೋಣ. ಮಾಸಿಕ ಕಂತು 80,445 ರೂ. ಅವಧಿಯುದ್ದಕ್ಕೂ ತೆರುವ ಒಟ್ಟು ಬಡ್ಡಿ ಸುಮಾರು 17.57 ಲಕ್ಷ ರೂ. ದರವು ಶೇ. 11.50ಕ್ಕೆ ಏರಿದಾಗ ಮುಂದೆ ಎರಡು ದಾರಿಗಳಿರುತ್ತವೆ. ಲೆಕ್ಕದ ಸರಳತೆಗಾಗಿ ಹೊಸ ದರವೇ ಮೊದಲಿನಿಂದ ಕೊನೆಯವರೆಗೆ ಇತ್ತೆಂದು ಹಿಡಿದರೆ ಫಲಿತಾಂಶ ಹೀಗಿದೆ.

ಅವಧಿಯನ್ನು ಏಳು ವರ್ಷಕ್ಕೇ ಉಳಿಸಿ ಕಂತನ್ನು ಏರಿಸಿದರೆ ಹೊಸ ಕಂತು 86,932 ರೂ.; ಒಟ್ಟು ಬಡ್ಡಿ ಸುಮಾರು 23 ಲಕ್ಷ ರೂ. ಕಂತನ್ನು 80,445 ರೂಪಾಯಿಗಳಲ್ಲೇ ಉಳಿಸಿ ಅವಧಿಯನ್ನು ಬೆಳೆಸಿದರೆ ಸಾಲ ತೀರಲು 84ರ ಬದಲು 95 ಕಂತುಗಳು ಬೇಕು. ಒಟ್ಟು ಬಡ್ಡಿ 26.3 ಲಕ್ಷ ರೂಪಾಯಿಗಳನ್ನು ಮೀರುತ್ತದೆ. 'ಕಂತು ಏರಲಿಲ್ಲ' ಎಂಬ ನೆಮ್ಮದಿಯ ಬೆಲೆ ಮೂರು ಲಕ್ಷ ರೂಪಾಯಿಗಳಿಗೂ ಅಧಿಕ.

ಕೈಯಲ್ಲಿ ಹಣದ ಬಿಗಿಯಿರುವ ಉದ್ಯಮಿ ಎರಡನೆಯ ದಾರಿ ಹಿಡಿಯುವುದು ಅನಿವಾರ್ಯವಿರಬಹುದು. ಆದರೆ ತಿಳಿದು ಹಿಡಿಯುವುದು ಬೇರೆ, ತಿಳಿಯದೆ ಹಿಡಿಯುವುದು ಬೇರೆ. ದರ ಇಳಿಯುವ ಕಾಲದಲ್ಲಿ ಇದೇ ನಿಯಮವನ್ನು ತಿರುಗಿಸಿ ಬಳಸಬಹುದು. ಕಂತನ್ನು ಇಳಿಸಿಕೊಳ್ಳದೆ ಹಳೆಯ ಮೊತ್ತವನ್ನೇ ಕಟ್ಟುತ್ತಾ ಹೋದರೆ ಅಸಲು ಬೇಗ ಕರಗಿ ಸಾಲ ಅವಧಿಗೆ ಮೊದಲೇ ತೀರುತ್ತದೆ.

ದುಡಿಯುವ ಬಂಡವಾಳ: ದಿನಗಳ ಲೆಕ್ಕ

ಅವಧಿ ಸಾಲದ ಬಡ್ಡಿ ಕಂತಿನಲ್ಲಿ ಅಡಗಿದ್ದರೆ, ಕ್ಯಾಶ್ ಕ್ರೆಡಿಟ್ ಖಾತೆಯ ಬಡ್ಡಿ ದಿನದಿನದ ಬಾಕಿಯ ಮೇಲೆ ಲೆಕ್ಕವಾಗಿ ತಿಂಗಳಿಗೊಮ್ಮೆ ಖಾತೆಗೆ ಬೀಳುತ್ತದೆ. ಹೀಗೆ ಬಿದ್ದ ಬಡ್ಡಿಯನ್ನು ತುಂಬದಿದ್ದರೆ ಅದರ ಮೇಲೂ ಬಡ್ಡಿ ಬೆಳೆಯುತ್ತದೆ. ಶೇ. 12ರ ದರವು ಮಾಸಿಕ ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಶೇ. 12.68 ಆಗುವುದು ಇದರಿಂದಲೇ.

ಮೇಲಿನ ಘಟಕಕ್ಕೆ ಶೇ. 10.50ರ ದರದಲ್ಲಿ 40 ಲಕ್ಷ ರೂಪಾಯಿಗಳ ಕ್ಯಾಶ್ ಕ್ರೆಡಿಟ್ ಮಿತಿಯೂ ಇದೆ ಎಂದುಕೊಳ್ಳೋಣ. ಮಿತಿಯನ್ನು ವರ್ಷವಿಡೀ ಪೂರ್ತಿ ಬಳಸಿದರೂ ರೆಪೋ ದರದಲ್ಲಿ ಶೇ. 0.25ರ ಇಳಿಕೆಯಿಂದ ಆಗುವ ಉಳಿತಾಯ 10,000 ರೂ. ಈಗ ಇನ್ನೊಂದು ಲೆಕ್ಕ. ಪ್ರತಿ ತಿಂಗಳು ಗಿರಾಕಿಗಳಿಂದ ಬರಬೇಕಾದ ಹತ್ತು ಲಕ್ಷ ರೂಪಾಯಿ 20ರಂದು ಖಾತೆಗೆ ಜಮೆಯಾಗುತ್ತಿದೆ. ಬಿಲ್ಲನ್ನು ಬೇಗ ಕಳುಹಿಸಿ, ವಸೂಲಿಯನ್ನು ಚುರುಕುಗೊಳಿಸಿ ಅದನ್ನು 5ನೇ ತಾರೀಖಿಗೇ ಜಮೆಯಾಗುವಂತೆ ಮಾಡಿದರೆ ಹದಿನೈದು ದಿನಗಳ ಬಡ್ಡಿ, ಅಂದರೆ ತಿಂಗಳಿಗೆ 4,315 ರೂ. ಉಳಿಯುತ್ತದೆ. ವರ್ಷಕ್ಕೆ ಇದು 51,700 ರೂಪಾಯಿಗಳನ್ನು ಮೀರುತ್ತದೆ. ರಿಸರ್ವ್ ಬ್ಯಾಂಕು ಐದು ಬಾರಿ ದರ ಇಳಿಸಿದರೆ ಸಿಗಬಹುದಾದ ಲಾಭವನ್ನು ಉದ್ಯಮಿ ತನ್ನ ವಸೂಲಿ ಗುಮಾಸ್ತನ ಮೂಲಕವೇ ಪಡೆಯಬಲ್ಲನು.

ಕ್ಯಾಶ್ ಕ್ರೆಡಿಟ್ ಹಣವನ್ನು ತೆಗೆದು ನಿವೇಶನಕ್ಕೋ ಕಟ್ಟಡಕ್ಕೋ ಹಾಕುವ ಅಭ್ಯಾಸ ಇದಕ್ಕೆ ನೇರ ವಿರುದ್ಧವಾದುದು. ಹಾಗೆ ಹೋದ ಹಣ ಸರಕಿನ ರೂಪದಲ್ಲಿ ಮರಳಿ ಬಾರದು. ಖಾತೆ ಸದಾ ಮಿತಿಯ ಅಂಚಿನಲ್ಲೇ ನಿಲ್ಲುತ್ತದೆ. ಆಗ ಸರಕು ಕೊಳ್ಳಲು ಕೈಸಾಲದ ಮೊರೆ ಹೋಗಬೇಕಾಗುತ್ತದೆ. 'ಎರಡು ರೂಪಾಯಿ ಬಡ್ಡಿ' ಎಂದರೆ ಕಿವಿಗೆ ಹಗುರ. ಅದು ನೂರಕ್ಕೆ ತಿಂಗಳಿಗೆ ಎರಡು, ಅಂದರೆ ವರ್ಷಕ್ಕೆ ಶೇ. 24. ಬ್ಯಾಂಕಿನೊಡನೆ ಶೇ. 0.50ಕ್ಕಾಗಿ ವಾದಿಸುವವನು ಇತ್ತ ಶೇ. 24 ತೆತ್ತರೆ ಆ ವಾದಕ್ಕೆ ಅರ್ಥವಿಲ್ಲ. ಸಣ್ಣ ಘಟಕಗಳಿಗೆ ಅಂದಾಜು ವಾರ್ಷಿಕ ವಹಿವಾಟಿನ ಶೇ. 20ರಷ್ಟನ್ನು ದುಡಿಯುವ ಬಂಡವಾಳವಾಗಿ ನೀಡುವ, ನಾಯಕ್ ಸಮಿತಿಯ ಶಿಫಾರಸಿನಿಂದ ಬಂದ ಪದ್ಧತಿ ಬ್ಯಾಂಕುಗಳಲ್ಲಿದೆ. ವಹಿವಾಟು ಬೆಳೆದಿದ್ದರೆ ದಾಖಲೆಗಳೊಡನೆ ಮಿತಿಯ ಹೆಚ್ಚಳ ಕೇಳುವುದೇ ಸರಿಯಾದ ಮಾರ್ಗ.

ಉಗ್ರಾಣ ಮತ್ತು ಉದ್ರಿ

ಬ್ಯಾಡಗಿಯ ಮೆಣಸಿನಕಾಯಿ ವರ್ತಕನು ಸುಗ್ಗಿಯಲ್ಲಿ ಕೊಂಡ ಸರಕನ್ನು ಶೀತಲಗೃಹದಲ್ಲಿಟ್ಟು ಬೆಲೆ ಏರುವುದನ್ನು ಕಾಯುತ್ತಾನೆ. 20 ಲಕ್ಷ ರೂಪಾಯಿಗಳ ಸರಕನ್ನು ಶೇ. 11ರ ಸಾಲದಲ್ಲಿ ಆರು ತಿಂಗಳು ಇಟ್ಟರೆ ಬಡ್ಡಿಯೇ 1,10,000 ರೂ., ಅಂದರೆ ಸರಕಿನ ಬೆಲೆಯ ಶೇ. 5.5. ಶೀತಲಗೃಹದ ಬಾಡಿಗೆ, ವಿಮೆ, ತೂಕದ ನಷ್ಟಗಳು ಇದರ ಮೇಲೆ. ಇವೆಲ್ಲವನ್ನೂ ಮೀರಿ ಬೆಲೆ ಏರಿದ ಬಳಿಕವಷ್ಟೇ ಲಾಭದ ಮಾತು. ಬಡ್ಡಿದರ ಏರಿದ ವರ್ಷ ಕಾಯುವ ಅವಧಿಯನ್ನು ಕಡಿಮೆ ಮಾಡಬೇಕೆಂಬುದು ಇದರಿಂದ ಸ್ಪಷ್ಟ.

ಉದ್ರಿ ಮಾರಾಟದ ಲೆಕ್ಕವೂ ಹೀಗೆಯೇ. ಶೇ. 10.50ರ ಸಾಲದ ಹಣದಲ್ಲಿ ವ್ಯಾಪಾರ ಮಾಡುವವನು ಗಿರಾಕಿಗೆ 90 ದಿನಗಳ ಉದ್ರಿ ಕೊಟ್ಟರೆ ನೂರು ರೂಪಾಯಿಯ ಮಾರಾಟದಲ್ಲಿ ಸುಮಾರು 2.60 ರೂಪಾಯಿ ಬಡ್ಡಿಗೆ ಹೋಗುತ್ತದೆ. ನಿವ್ವಳ ಲಾಭ ನಾಲ್ಕು ರೂಪಾಯಿ ಇರುವ ವ್ಯಾಪಾರದಲ್ಲಿ ಇದು ಅರ್ಧಕ್ಕಿಂತ ಹೆಚ್ಚು.

ಕೊಳ್ಳುವಾಗ ಇದೇ ಲೆಕ್ಕ ಲಾಭಕ್ಕೆ ತಿರುಗಬಹುದು. 45 ದಿನಗಳ ಗಡುವಿರುವ ಐದು ಲಕ್ಷ ರೂಪಾಯಿಗಳ ಬಿಲ್ಲನ್ನು ಹತ್ತು ದಿನಗಳೊಳಗೆ ತೀರಿಸಿದರೆ ಶೇ. 2 ರಿಯಾಯಿತಿ ಎಂದು ಸರಬರಾಜುದಾರ ಹೇಳಿದರೆ 10,000 ರೂ. ಉಳಿಯುತ್ತದೆ. ಅದಕ್ಕಾಗಿ 4.90 ಲಕ್ಷ ರೂಪಾಯಿಗಳನ್ನು 35 ದಿನ ಮೊದಲೇ ಕ್ಯಾಶ್ ಕ್ರೆಡಿಟ್ ಖಾತೆಯಿಂದ ತೆಗೆದರೆ ಬಡ್ಡಿ 4,934 ರೂ. ಮಾತ್ರ. ಈ ರಿಯಾಯಿತಿಯನ್ನು ಬಿಟ್ಟುಕೊಡುವುದೆಂದರೆ ವಾರ್ಷಿಕ ಶೇ. 21ಕ್ಕೂ ಮಿಗಿಲಾದ ದರದಲ್ಲಿ ಸಾಲ ಮಾಡಿದಂತೆ.

ತಯಾರಕರು ಮತ್ತು ಸೇವಾ ಉದ್ಯಮಗಳಿಗೆ ಕಾನೂನಿನ ಆಸರೆಯೂ ಇದೆ. 2006ರ ಎಂಎಸ್ಎಂಇಡಿ ಕಾಯಿದೆಯಂತೆ ಅತಿ ಸಣ್ಣ ಮತ್ತು ಸಣ್ಣ ಸರಬರಾಜುದಾರರಿಗೆ ಖರೀದಿದಾರನು ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದಲ್ಲಿ ಬ್ಯಾಂಕ್ ದರದ ಮೂರುಪಟ್ಟು ದರದಲ್ಲಿ ಮಾಸಿಕ ಚಕ್ರಬಡ್ಡಿ ಕೊಡಬೇಕು. ಕೇವಲ ಖರೀದಿ-ಮಾರಾಟ ನಡೆಸುವ ವರ್ತಕರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ.

'ಫ್ಲಾಟ್' ದರದ ಆಕರ್ಷಣೆ

ವಾಹನ ಅಥವಾ ಯಂತ್ರ ಕೊಳ್ಳುವಾಗ 'ಕೇವಲ ಶೇ. 8 ಬಡ್ಡಿ' ಎಂಬ ಮಾತು ಕೇಳಿಬರುವುದುಂಟು. ಅದು ಫ್ಲಾಟ್ ದರವೋ, ಕರಗುವ ಬಾಕಿಯ ಮೇಲಿನ ದರವೋ ಎಂದು ಕೇಳುವುದು ಅಗತ್ಯ. ಆರು ಲಕ್ಷ ರೂಪಾಯಿಗಳಿಗೆ ಮೂರು ವರ್ಷಕ್ಕೆ ಶೇ. 8 ಫ್ಲಾಟ್ ದರವೆಂದರೆ ಬಡ್ಡಿ 1,44,000 ರೂ., ಮಾಸಿಕ ಕಂತು 20,667 ರೂ. ಪ್ರತಿ ಕಂತಿನಲ್ಲೂ ಅಸಲು ತೀರುತ್ತಿದ್ದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ ಆರು ಲಕ್ಷದ ಮೇಲೆಯೇ ಲೆಕ್ಕವಾಗಿರುತ್ತದೆ. ಕರಗುವ ಬಾಕಿಯ ಲೆಕ್ಕದಲ್ಲಿ ಇದು ಶೇ. 14.5ಕ್ಕೆ ಸಮ. ಶೇ. 11ರ ಬ್ಯಾಂಕ್ ಸಾಲವನ್ನು ದುಬಾರಿಯೆಂದು ಬಿಟ್ಟು ಶೇ. 8ರ ಫ್ಲಾಟ್ ಸಾಲಕ್ಕೆ ಹೋದವನು ಕಳೆದುಕೊಂಡದ್ದೇ ಹೆಚ್ಚು.

ಅಪಾಯಾಂಶ ಇಳಿಸುವ ಬಗೆ

ಸಾಲ ಮರುಪಾವತಿಯ ಇತಿಹಾಸವನ್ನು ಬ್ಯಾಂಕುಗಳು 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಗಳಿಗೊಮ್ಮೆ ಸಾಲ ಮಾಹಿತಿ ಕಂಪನಿಗಳಿಗೆ ವರದಿ ಮಾಡುತ್ತಿವೆ. ನಾಲ್ಕು ದಿನದ ವಿಳಂಬವೂ ದಾಖಲಾಗುವ ಕಾಲವಿದು. ಕಂತು ಅಥವಾ ಬಡ್ಡಿ 90 ದಿನಗಳನ್ನು ಮೀರಿ ಬಾಕಿ ಉಳಿದರೆ ಖಾತೆ ಅನುತ್ಪಾದಕ ಆಸ್ತಿಯಾಗುತ್ತದೆ. ಆಗ ಪ್ರಶ್ನೆ ದರದ್ದಾಗಿ ಉಳಿಯುವುದಿಲ್ಲ, ಉದ್ಯಮದ ಉಳಿವಿನದ್ದಾಗುತ್ತದೆ.

ಇದಕ್ಕೆ ಪ್ರತಿಯಾಗಿ ಅಪಾಯಾಂಶವನ್ನು ಇಳಿಸುವ ಸಾಧನಗಳು ಸರಳವಾದವೇ ಆಗಿವೆ. ಮಾರಾಟದ ಹಣವನ್ನೆಲ್ಲ ಸಾಲ ನೀಡಿದ ಬ್ಯಾಂಕಿನ ಖಾತೆಯ ಮೂಲಕವೇ ಹಾಯಿಸುವುದು, ದಾಸ್ತಾನು ವಿವರಪಟ್ಟಿಯನ್ನು ಗಡುವಿನೊಳಗೆ ಸಲ್ಲಿಸುವುದು, ಲೆಕ್ಕಪತ್ರಗಳನ್ನೂ ಜಿಎಸ್‌ಟಿ ವಿವರಪಟ್ಟಿಗಳನ್ನೂ ಪರಸ್ಪರ ಹೊಂದುವಂತೆ ಇಡುವುದು, ಉದ್ಯಮ್ ನೋಂದಣಿ ಮಾಡಿಸುವುದು. ಸಾಲಗಾರನ ಆರ್ಥಿಕ ಸ್ಥಿತಿ ಗಣನೀಯವಾಗಿ ಬದಲಾದಾಗ ಮಾತ್ರ ಅಪಾಯಾಂಶವನ್ನು ಬದಲಿಸಬಹುದೆಂಬುದು ನಿಯಮ. ಸ್ಥಿತಿ ಸುಧಾರಿಸಿದವನು ನವೀಕರಣದ ವೇಳೆ ಮರುಮೌಲ್ಯಮಾಪನವನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. 40 ಲಕ್ಷದ ಮಿತಿಯಲ್ಲಿ ಶೇ. 1ರ ಇಳಿಕೆ ವರ್ಷಕ್ಕೆ 40,000 ರೂ. ಸ್ಪ್ರೆಡ್ಡಿನ ಇತರ ಭಾಗಗಳನ್ನು ಮೂರು ವರ್ಷ ಕಾಯದೆಯೂ ಇಳಿಸಲು 2025ರ ಅಕ್ಟೋಬರಿನಿಂದ ಬ್ಯಾಂಕುಗಳಿಗೆ ಅವಕಾಶ ನೀಡಲಾಗಿದೆ.

ಸಾಲಗಾರನು ತಿಳಿದಿರಬೇಕಾದ ನಿಯಮಗಳು

ಇತ್ತೀಚಿನ ವರ್ಷಗಳಲ್ಲಿ ರಿಸರ್ವ್ ಬ್ಯಾಂಕು ಸಾಲಗಾರನ ಪರವಾಗಿ ಹಲವು ನಿಯಮಗಳನ್ನು ತಂದಿದೆ. ತಡಪಾವತಿಗೆ ದಂಡವನ್ನು ಬಡ್ಡಿದರಕ್ಕೆ ಸೇರಿಸಿ ಹೇರುವ ಪದ್ಧತಿ 2024ರಲ್ಲಿ ಕೊನೆಗೊಂಡಿತು. ಈಗ ಅದು ಪ್ರತ್ಯೇಕ ಶುಲ್ಕ, ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ವಿಧಿಸುವಂತಿಲ್ಲ. ಸಾಲ ಮಂಜೂರಾದ ದಿನದಿಂದ ಬಡ್ಡಿ ಹಾಕುವುದು ಸಲ್ಲದು. ಹಣ ನಿಜವಾಗಿ ಸಾಲಗಾರನಿಗೆ ಸಂದ ದಿನದಿಂದಲೇ ಹಾಕಬೇಕೆಂದು 2024ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಲಾಯಿತು. 2024ರ ಅಕ್ಟೋಬರ್ 1ರಿಂದ ಎಂಎಸ್ಎಂಇ ಅವಧಿ ಸಾಲಗಳಿಗೆ ಮುಖ್ಯ ಸಂಗತಿಗಳ ವಿವರಣಾ ಪತ್ರ ಕೊಡುವುದು ಕಡ್ಡಾಯ. ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಎರಡು ಬ್ಯಾಂಕುಗಳ ಸಾಲವನ್ನು ಹೋಲಿಸುವಾಗ ನೋಡಬೇಕಾದದ್ದು ಈ ದರವನ್ನೇ.

2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಣಗೊಂಡ, ಬದಲಾಗುವ ದರದ ಸಾಲವನ್ನು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳು ಅವಧಿಗೆ ಮುನ್ನ ತೀರಿಸಿದರೆ ವಾಣಿಜ್ಯ ಬ್ಯಾಂಕುಗಳು ಶುಲ್ಕ ವಿಧಿಸುವಂತಿಲ್ಲ. ಪ್ರಾದೇಶಿಕ ಗ್ರಾಮೀಣ ಬ್ಯಾಂಕು, ಕಿರು ಹಣಕಾಸು ಬ್ಯಾಂಕು ಮುಂತಾದವುಗಳಲ್ಲಿ ಈ ರಿಯಾಯಿತಿ 50 ಲಕ್ಷ ರೂಪಾಯಿಗಳವರೆಗಿನ ಸಾಲಕ್ಕೆ ಸೀಮಿತ. ಉತ್ತಮ ದರ ನೀಡುವ ಬ್ಯಾಂಕಿಗೆ ಸಾಲವನ್ನು ವರ್ಗಾಯಿಸಲು ಇದ್ದ ದೊಡ್ಡ ಅಡ್ಡಿ ಇದರಿಂದ ನಿವಾರಣೆಯಾಗಿದೆ.

ನವೀಕರಣಕ್ಕೆ ಮುನ್ನ

ಮುಂದಿನ ನವೀಕರಣಕ್ಕೆ ಬ್ಯಾಂಕಿಗೆ ಹೋಗುವ ಮುನ್ನ ಮಂಜೂರಾತಿ ಪತ್ರವನ್ನು ಹೊರತೆಗೆದು ಐದು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು: ಆಧಾರ ದರ ಯಾವುದು, ಸ್ಪ್ರೆಡ್ ಎಷ್ಟು, ಮರುನಿಗದಿಯ ದಿನಾಂಕ ಯಾವುದು, ಕಳೆದ ವರ್ಷ ಒಟ್ಟು ತೆತ್ತ ಬಡ್ಡಿ ಎಷ್ಟು, ಅದು ಮಾರಾಟದ ಶೇಕಡಾ ಎಷ್ಟು. ಕೊನೆಯ ಸಂಖ್ಯೆಯನ್ನು ನಿವ್ವಳ ಲಾಭದ ಪಕ್ಕದಲ್ಲಿಟ್ಟು ನೋಡಿದಾಗ, ವರ್ಷವಿಡೀ ದುಡಿದದ್ದು ತನಗಾಗಿಯೋ ಬ್ಯಾಂಕಿಗಾಗಿಯೋ ಎಂಬ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ.

ರೆಪೋ ದರ ಮುಂದೆಯೂ ಏರುತ್ತದೆ, ಇಳಿಯುತ್ತದೆ. ಅದನ್ನು ತಡೆಯುವುದು ಯಾವ ವರ್ತಕನಿಂದಲೂ ಸಾಧ್ಯವಿಲ್ಲ. ಆದರೆ ವಸೂಲಿಯ ದಿನಗಳು, ಉಗ್ರಾಣದ ದಿನಗಳು, ಕಂತಿನ ತಾರೀಖು, ಸಾಲದ ಉದ್ದೇಶ ಇವೆಲ್ಲವೂ ಅವನ ಕೈಯಲ್ಲೇ ಇವೆ. ಹನಿಗೂಡಿದರೆ ಹಳ್ಳ ಎಂಬ ಮಾತು ಉಳಿತಾಯಕ್ಕೆ ಸಲ್ಲುವಷ್ಟೇ ಬಡ್ಡಿಗೂ ಸಲ್ಲುತ್ತದೆ. ಆ ಹಳ್ಳ ಯಾರ ಹೊಲದ ಕಡೆಗೆ ಹರಿಯಬೇಕೆಂಬುದನ್ನು ನಿರ್ಧರಿಸುವ ಅವಕಾಶ ಉದ್ಯಮಿಗೆ ಇದ್ದೇ ಇದೆ.